ನಾಲ್ಕನೇ ತರಗತಿ ಏಳಲಿಲ್ಲ

ಬಿಸಿಯೂಟದ ಅಡುಗೆಕೋಣೆಯಲ್ಲಿ ಬೆಂಕಿ ಹೊತ್ತಿದ್ದು ಅಂಥ ದೊಡ್ಡ ವಿಷಯವೇನಲ್ಲ. ಅಡುಗೆಯ ಅಕ್ಕಯ್ಯಮ್ಮ ಅನ್ನದ ತಪ್ಪಲೆ ಇಳಿಸಿ, ಮಸಿಬಟ್ಟೆಯನ್ನು ಒಲೆಯ ಪಕ್ಕಕ್ಕೆ ಎಸೆಯುವ ಬದಲು ಒಲೆಯ ಮೇಲೆಯೇ ಎಸೆದಿದ್ದರು. ಬಟ್ಟೆಯಿಂದ ಗೋಣಿಚೀಲಕ್ಕೆ ಹತ್ತಿಕೊಂಡಿತು. ಅವರು ಅಕ್ಕಿ ತೊಳೆದು ಬಕೆಟ್‌ನಲ್ಲಿಟ್ಟಿದ್ದ ಅಕ್ಕಚ್ಚನ್ನು ಎತ್ತಿ ಸುರಿದರು; ಬೆಂಕಿ ಆರಿತು. ಊಟ ಹೊತ್ತಿಗೆ ಸರಿಯಾಗಿಯೇ ಆಯಿತು. ಸಾರಿಗೆ ಹೊಗೆಯ ವಾಸನೆ ಹಿಡಿದು ರುಚಿಯಾಗಿದೆ ಎಂದು ಕೆಲವು ಮಕ್ಕಳು ಇನ್ನೊಂದು ಸಲ ಹಾಕಿಸಿಕೊಂಡರು.

ದೊಡ್ಡ ವಿಷಯ ಬೇರೆಯೇ ಇತ್ತು, ಅದನ್ನು ಕಂಡವಳು ಅನಸೂಯ ಒಬ್ಬಳೇ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳ ನಡುವಿನ ಆ ಸರ್ಕಾರಿ ಪ್ರಾಥಮಿಕ ಶಾಲೆಗೆ ಅವಳು ವರ್ಗವಾಗಿ ಬಂದು ಇನ್ನೂ ಒಂದು ಪರೀಕ್ಷೆಯನ್ನೂ ನಡೆಸಿರಲಿಲ್ಲ. ಹೊಗೆ ಎದ್ದಾಗ ಅವಳು ನಾಲ್ಕನೇ ತರಗತಿಗೆ ಬೇರಿನ ಭಾಗಗಳನ್ನು ಹೇಳಿಕೊಡುತ್ತಿದ್ದಳು. ಆ ಕೋಣೆಗೂ ಅಡುಗೆಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮುಖ್ಯ ಶಿಕ್ಷಕ ವೇಣುಗೋಪಾಲ್ ಓಡಿ ಹೋಗಿ ಗಂಟೆಯನ್ನು ಎಡೆಬಿಡದೆ ಬಾರಿಸಿದರು. ಎಡೆಬಿಡದ ಗಂಟೆ ಎಂದರೆ ಚಿಕ್ಕವರು ಮುಂದೆ, ದೊಡ್ಡವರು ಹಿಂದೆ, ಎಲ್ಲರೂ ಸಾಲಾಗಿ ಮೈದಾನಕ್ಕೆ ಹೋಗತಕ್ಕದ್ದು ಎಂದು ಪ್ರತಿ ಕೋಣೆಯ ಗೋಡೆಯ ಮೇಲೂ ಬಣ್ಣದಲ್ಲಿ ಬರೆಸಿತ್ತು. ಅನಸೂಯ ಬಾಗಿಲಿಗೆ ಹೋಗಿ ಹೊಗೆ ನೋಡಿ ಹಿಂದಿರುಗಿದಳು. ಮಕ್ಕಳು ಒಬ್ಬರೂ ಎದ್ದಿರಲಿಲ್ಲ. ತಾಯಿಬೇರಿನ ಚಿತ್ರ ಬರೆಯುತ್ತಿದ್ದರು. ಕೆಲವರು ಚೆನ್ನಾಗಿಯೇ ಬರೆದಿದ್ದರು.

ಅವಳು ಕೂಗಿದಳು. ಕೂಗಿದರೆ ತಲೆ ಎತ್ತಿ ನೋಡಿದರು. ಕೊನೆಗೆ ಅಂಗಿ ಹಿಡಿದು, ರಟ್ಟೆ ಹಿಡಿದು ಹೊರಗೆ ಎಳೆಯಬೇಕಾಯಿತು. ಅಷ್ಟರಲ್ಲಿ ಅಕ್ಕಯ್ಯಮ್ಮ ಬೆಂಕಿ ಆರಿಸಿ, ಒದ್ದೆ ಗೋಣಿಚೀಲವನ್ನು ಕಾಂಪೌಂಡಿನ ಮೇಲೆ ಒಣಹಾಕಿದ್ದರು.

ಸಂಜೆ ಬಸ್ಸಿನಲ್ಲಿ ಅವಳಿಗೆ ಆ ಬೇರಿನ ಚಿತ್ರಗಳೇ ಕಣ್ಣ ಮುಂದೆ ಬಂದವು. ಅವಳದು ತ್ಯಾಮಗೊಂಡ್ಲು ಕಡೆಯ ಊರು. ಅಲ್ಲಿ ರಾತ್ರಿ ತೋಟದಲ್ಲಿ ತೆಂಗಿನಕಾಯಿ ಬಿದ್ದರೆ ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದರು. ಇಲ್ಲಿ ಗೋಡೆಯಾಚೆ ಬೆಂಕಿ ಬಿದ್ದು ಗಂಟೆ ಹೊಡೆದುಕೊಂಡರೂ ಮಕ್ಕಳು ಪೆನ್ಸಿಲ್ ಕೆಳಗಿಟ್ಟಿರಲಿಲ್ಲ. ಅಕ್ಕಚ್ಚಿನ ಬಕೆಟ್ ಖಾಲಿ ಇದ್ದಿದ್ದರೆ ಎಂಬಲ್ಲಿಗೆ ಯೋಚನೆ ಬಂದು ನಿಲ್ಲುತ್ತಿತ್ತು.

ಇಲಾಖೆಯ ಕಚೇರಿಗೆ ಸುದ್ದಿ ಹೋಯಿತು. ಅಧಿಕಾರಿ ದೇವೇಂದ್ರ ಫೋನಿನಲ್ಲಿ ಹೇಳಿದ್ದನ್ನು ವೇಣುಗೋಪಾಲ್ ಎಲ್ಲರನ್ನೂ ಕೂರಿಸಿ ತಿಳಿಸಿದರು. ಮುಂದಿನ ತಿಂಗಳು ಸಾಹೇಬರು ತಾವೇ ಬರುತ್ತಾರೆ. ಅವರೆದುರು ಅಣಕು ತೆರವು, ಅಂದರೆ ಬೆಂಕಿ ಬಿದ್ದಂತೆ ಶಾಲೆ ಖಾಲಿ ಮಾಡಿ ತೋರಿಸಬೇಕು. ಸೈರನ್ ಆದಾಗ ಮಕ್ಕಳು ಸಾಲಾಗಿ ಹೊರಗೆ ಬಂದರೆ ಸರಿ, ಇಲ್ಲವಾದರೆ ಶಾಲೆಯಲ್ಲಿ ಒಲೆ ಹಚ್ಚುವಂತಿಲ್ಲ, ಊಟ ಊರಾಚೆಯ ಗುತ್ತಿಗೆದಾರರ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ಅಕ್ಕಯ್ಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸುರಕ್ಷತೆಯ ಜವಾಬ್ದಾರಿಯನ್ನು ಅನಸೂಯಳಿಗೆ ಕೊಡಲಾಯಿತು. ಬೆಂಕಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಅವಳು ಎಂಬುದು ಕಾರಣ.

"ನಿಮ್ ಮಕ್ಳು ಎದ್ರೆ ನನ್ ಒಲೆ ಉಳೀತದೆ ಮೇಡಮ್ಮೋರೆ," ಎಂದರು ಅಕ್ಕಯ್ಯಮ್ಮ, ಚಹಾ ಕೊಡುತ್ತಾ. "ಏಳ್ದೆ ಇದ್ರೆ ನಾನು ಎದ್ದೋಯ್ತೀನಿ. ಯಾರಾದ್ರೂ ಒಬ್ರು ಏಳ್ಲೇಬೇಕು."

ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿ ಕೆಂಪರಾಜ್ ಒಂದು ಸೈರನ್ ದಾನ ಮಾಡಿದ. ಮುಚ್ಚಿಹೋದ ಯಾವುದೋ ಕಾರ್ಖಾನೆಯದು. ಸ್ವಿಚ್ ಹಾಕಿದರೆ ಗುರ್ ಎಂದು ಶುರುವಾಗಿ, ಮೇಲಕ್ಕೇರಿ, ಒಂದೇ ಸಮ ಕೂಗುತ್ತಿತ್ತು. ಮೊದಲ ದಿನ ಎದುರು ಮನೆಯ ನಾಯಿ ಎಲ್ಲೋ ಹೋದದ್ದು ವಾರದ ನಂತರ ಬಂತು. ಮಕ್ಕಳಿಗೆ ಏನೂ ಹೇಳದೆ ಸೈರನ್ ಹಾಕಿ ನೋಡೋಣ ಎಂದು ಅನಸೂಯ ಸೂಚಿಸಿದ್ದಳು. ಹೇಳಿ ಮಾಡಿಸಿದರೆ ಅದು ಕವಾಯತು, ಪರೀಕ್ಷೆಯಲ್ಲ ಎಂಬುದು ಅವಳ ವಾದ.

ಸೈರನ್ ಕೂಗಿತು. ಮಕ್ಕಳು ಕೂತೇ ಇದ್ದರು. ಆದರೆ ಒಂದು ಬದಲಾವಣೆ ಆಯಿತು. ಬಾಯಲ್ಲಿ ಮಾತಾಡುತ್ತಿದ್ದವರೆಲ್ಲ ಕೈಯಲ್ಲಿ ಮಾತಾಡತೊಡಗಿದರು. ಚೌಡೇಶ್ವರಿ ಎಂಬ ಹುಡುಗಿ ಹೆಬ್ಬೆರಳಿನಿಂದ ಅಂಗೈ ಉಜ್ಜಿ ತೋರಿಸಿದಳು. ಮೂರು ಸಾಲು ಆಚೆಯಿಂದ ರಬ್ಬರ್ ಬಂತು. ವೇಣುಗೋಪಾಲ್ ಬಹಳ ಹೊತ್ತು ಕಾದು, ಸೋತು, ಸ್ವಿಚ್ ಆರಿಸಿದರು. ಆಗ ಮಕ್ಕಳೆಲ್ಲ ಪುಸ್ತಕ ಮುಚ್ಚಿ ಎದ್ದು ಹೊರಗೆ ನಡೆದರು. ವೇಣುಗೋಪಾಲ್ ಬಾಗಿಲಿಗೆ ಅಡ್ಡ ನಿಂತು, ಏಳಬೇಕಾದಾಗ ಏಳದೆ ಈಗ ಎಲ್ಲಿಗೆ ಮೆರವಣಿಗೆ ಎಂದು ಗದರಿಸಿ ಒಳಗೆ ಕಳಿಸಿದರು. ಅನಸೂಯಳೂ ಗದರಿಸಿದಳು.

ಮಕ್ಕಳಿಗೆ ಕಿವಿ ಮಂದವಾಗಿರಬಹುದು ಎಂಬುದು ಅವಳ ಮೊದಲ ಊಹೆ. ಹಗಲೂ ರಾತ್ರಿ ವಿದ್ಯುತ್ ಮಗ್ಗಗಳ ನಡುವೆ ಬೆಳೆದ ಮಕ್ಕಳು. ಊಹೆಯನ್ನು ಪರೀಕ್ಷಿಸಬೇಕಲ್ಲ. ಅವಳು ನಾಲ್ಕನೇ ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತು, ಮಕ್ಕಳು ಲೆಕ್ಕ ಮಾಡುತ್ತಿರುವಾಗ, ತುಟಿ ಅಲ್ಲಾಡಿದರೆ ಸಾಕು ಎನ್ನುವಷ್ಟು ಮೆಲ್ಲಗೆ "ನಾಳೆ ರಜ" ಎಂದಳು. ಎಲ್ಲರೂ ತಿರುಗಿ ನೋಡಿದರು. ಮುಂದಿನ ಬೆಂಚಿನವರೂ ತಿರುಗಿದರು. ಅದು ಪರೀಕ್ಷೆ ಮಾತ್ರ, ರಜ ಇಲ್ಲ ಎಂದು ಅವಳು ಆಮೇಲೆ ಗಟ್ಟಿಯಾಗಿಯೇ ಹೇಳಿದಳು. ಮಾರನೆಯ ದಿನ ಅರ್ಧ ತರಗತಿ ಬರಲಿಲ್ಲ. ಬಾರದವರಿಗೆ ಕಿವಿ ಚೆನ್ನಾಗಿದೆ ಎಂದು ತೀರ್ಮಾನಿಸಬಹುದಿತ್ತು. ಬಂದವರಿಗೆ ಮೊದಲನೆಯ ಮಾತು ಕೇಳಿಸಲಿಲ್ಲವೋ, ಎರಡನೆಯದೂ ಕೇಳಿಸಿತೋ ಎಂಬುದನ್ನು ಬೇರ್ಪಡಿಸಲು ಪ್ರಯೋಗದಲ್ಲಿ ಅವಕಾಶ ಇರಲಿಲ್ಲ. ಪ್ರಯೋಗವನ್ನು ಸರಿಯಾಗಿ ಹೂಡಿರಲಿಲ್ಲ ಎಂದು ಅವಳು ತನ್ನಷ್ಟಕ್ಕೆ ಒಪ್ಪಿಕೊಂಡಳು. ವೇಣುಗೋಪಾಲ್ ಅದನ್ನೇ ಬೇರೆ ಮಾತುಗಳಲ್ಲಿ ಹೇಳಿದರು.

ಬಾರದವರಲ್ಲಿ ಚೌಡೇಶ್ವರಿಯೂ ಒಬ್ಬಳು. ಶಾಲೆ ಬಿಟ್ಟ ಮೇಲೆ ಅನಸೂಯ ಅವಳ ಮನೆಗೆ ಹೋದಳು. ಕಿವಿ ಸೋರುವುದುಂಟೇ, ಕರೆದರೆ ಓಗೊಡುತ್ತಾಳೆಯೇ ಎಂದು ಕೇಳಬೇಕಿತ್ತು. ಮನೆಯ ನಡುಕೋಣೆಯಲ್ಲಿ ಮಗ್ಗಗಳು ಓಡುತ್ತಿದ್ದವು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಹುಡುಗಿಯ ತಂದೆ ಸಂಜೀವಪ್ಪ ಎಳೆಗಳ ಮೇಲಿನ ಕಣ್ಣು ತೆಗೆಯದೆ ಕೈ ಮುಗಿದು, ಎರಡು ಬೆರಳಲ್ಲಿ ಕುರ್ಚಿ ತೋರಿಸಿ, ಇನ್ನೊಂದು ಕೈಯಲ್ಲಿ ಲೋಟ ಎತ್ತಿದಂತೆ ಮಾಡಿ ಒಳಗೆ ಕಾಫಿ ಹೇಳಿದ. ಮಗ್ಗದ ಪಕ್ಕದ ತೊಟ್ಟಿಲಲ್ಲಿ ಒಂದು ಮಗು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು. ಮೂಲೆಯಲ್ಲಿ ಅಜ್ಜಿಯೊಬ್ಬರು ತಲೆ ವಾಲಿಸಿ ತೂಕಡಿಸುತ್ತಿದ್ದರು. ಚೌಡೇಶ್ವರಿ ನೆಲದ ಮೇಲೆ ಕೂತು ಶಾಲೆಯ ಲೆಕ್ಕ ಬರೆಯುತ್ತಿದ್ದಳು. ಟೀಚರನ್ನು ನೋಡಿ ರಜ ಇರಲಿಲ್ಲವೆಂಬುದು ಅವಳಿಗೆ ತಿಳಿಯಿತು.

ಅನಸೂಯ ಕಿವಿಯ ವಿಷಯ ಕೇಳಲು ಬಾಯಿ ತೆರೆದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.

ಮಗ್ಗಗಳು ನಿಂತವು. ತೊಟ್ಟಿಲ ಮಗು ಬೆಚ್ಚಿ ಅಳತೊಡಗಿತು. ಅಜ್ಜಿ ಕಣ್ಣು ಬಿಟ್ಟು ಎದ್ದರು, ಮಗುವನ್ನು ಎತ್ತಿಕೊಂಡರು. ಚೌಡೇಶ್ವರಿ ಪುಸ್ತಕ ಮುಚ್ಚಿ ಎದ್ದಳು. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎಲ್ಲರೂ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಅನಸೂಯ ಹೊರಗೆ ಬಂದು ನೋಡಿದರೆ ಬೀದಿಯ ಉದ್ದಕ್ಕೂ ಪ್ರತಿ ಮನೆಯಿಂದಲೂ ಜನ ಬಂದು ಜಗಲಿಗಳ ಮೇಲೆ ಕೂರುತ್ತಿದ್ದರು. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಕ್ರಮ ಅಕ್ಷರಶಃ ಇದೇ.

ಸಂಜೀವಪ್ಪ ಕೊನೆಯಲ್ಲಿ ಬಂದ. ಎಲ್ಲರೂ ಯಾಕೆ ಹೊರಗೆ ಬರುತ್ತೀರಿ ಎಂದು ಅವಳು ಕೇಳಿದಳು. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿದ್ದಿಲ್ಲವೆಂದು ಕಾಣುತ್ತದೆ, ಯೋಚಿಸಿ ಹೇಳಿದ.

"ಒಳಗೆ ಸೆಕೆ ಮೇಡಂ. ಆಮೇಲೆ ಮಕ್ಳು. ನಿಂತಿದೆ ಅಂತ ಮಗ್ಗದ ಕೆಳಗೆ ನುಗ್ತವೆ, ಸ್ವಿಚ್ ಆರ್ಸೋದು ನಾವು ಮರ್ತಿರ್ತೀವಿ, ಕರೆಂಟು ಬಂದ್ಬಿಟ್ರೆ ಅದು ತಾನೇ ಓಡತ್ತೆ. ಅದಕ್ಕೇ ನಿಂತ ತಕ್ಷಣ ಎಲ್ರೂ ಆಚೆ. ನಡೆಯೋಕೆ ಬಂದಾಗಿನಿಂದ ಬಡಿದೂ ಬಡಿದೂ ಹೇಳಿರ್ತೀವಿ."

"ಓಡ್ತಾ ಇರುವಾಗ?"

"ಓಡ್ತಾ ಇರುವಾಗ ಏನ್ ಭಯ ಮೇಡಂ? ಓಡ್ತಾ ಇದ್ರೆ ಎಲ್ಲ ಸರಿ ಇದೆ ಅಂತ."

ಅನಸೂಯ ಕಾಫಿ ಕುಡಿದಳು. ಕಿವಿಯ ವಿಷಯ ಕೇಳಲಿಲ್ಲ.

ಮಾರನೆಯ ದಿನ ಸೈರನ್ ಹಾಕಿ, ಸ್ವಲ್ಪ ಹೊತ್ತು ಕೂಗಲು ಬಿಟ್ಟು, ಆರಿಸಿದಳು. ಮಕ್ಕಳು ಎದ್ದರು. ಈ ಸಲ ಯಾರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ತಳ್ಳಾಟವಿಲ್ಲದೆ, ಚಿಕ್ಕವರನ್ನು ಮುಂದಿಟ್ಟುಕೊಂಡು, ಇಡೀ ಶಾಲೆ ಮೈದಾನಕ್ಕೆ ಬಂದು ನಿಂತಿತು. ಮಗ್ಗವಿಲ್ಲದ ಮನೆಗಳ ಕೆಲವು ಮಕ್ಕಳಿದ್ದರು. ಅವರು ಉಳಿದವರನ್ನು ನೋಡಿ ಹಿಂದೆ ಬಂದರು. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ದಿನ ಮಾಡಿದಳು. ಪ್ರತಿ ಸಲವೂ ಅದೇ ಫಲಿತಾಂಶ. ಒಂದೇ ಒಂದು ಅಡ್ಡಪರಿಣಾಮ ಕಂಡಿತು. ವೇಣುಗೋಪಾಲ್ ಐದನೇ ತರಗತಿಗೆ ಭಾಗಾಕಾರ ಹೇಳುತ್ತಿದ್ದಾಗ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತವು. ಅವರು ಶೇಷವನ್ನು ಕೆಳಗೆ ಬರೆದು ತಿರುಗಿದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೊದಲಾದರೆ ಇಂಥ ಹೊತ್ತಿನಲ್ಲಿ ಮಕ್ಕಳು ಬಾಗಿಲ ಕಡೆ ನೋಡಿ, ಶಿಕ್ಷಕರ ಮುಖ ನೋಡಿ ಸುಮ್ಮನಾಗುತ್ತಿದ್ದರು. ಈಗ ಅನುಮತಿ ಸಿಕ್ಕಿದೆ ಎಂದುಕೊಂಡಿದ್ದರು.

ಅದಾದ ಮೇಲೆ ವೇಣುಗೋಪಾಲ್ ಅವಳನ್ನು ಕರೆಸಿ ಇಲಾಖೆಯ ಸುತ್ತೋಲೆ ಓದಿಸಿದರು. ಕೊನೆಯ ಮಗು ಹೊರಬರುವವರೆಗೆ ಸೈರನ್ ನಿಲ್ಲಿಸತಕ್ಕದ್ದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅನಸೂಯ ತಾನು ಕಂಡದ್ದನ್ನೆಲ್ಲ ವಿವರಿಸಿದಳು. ಅವರು ಹೊಸಕೋಟೆ ಕಡೆಯವರು, ಅವರಿಗೂ ಇದು ಹೊಸದೇ, ಆಸಕ್ತಿಯಿಂದಲೇ ಕೇಳಿದರು.

"ನೀವು ಹೇಳೋದು ಸರಿ ಮೇಡಂ," ಎಂದರು. "ಹಾಗಾದ್ರೆ ಒಂದು ಕೆಲಸ ಮಾಡೋಣ. ಬೆಂಕಿ ಬಂದ ದಿನ ನಿಮ್ಮ ಪ್ರಕಾರ. ಸಾಹೇಬ್ರು ಬಂದ ದಿನ ಸುತ್ತೋಲೆ ಪ್ರಕಾರ."

ಕೇಳುವುದಕ್ಕೆ ಸುಲಭವಾಗಿತ್ತು. ಬೆಳಿಗ್ಗೆ ಪ್ರಾರ್ಥನೆಯಲ್ಲಿ, ಇವತ್ತು ಸೈರನ್ ಕೂಗಿದ ಕೂಡಲೇ ಏಳಿ ಎಂದು ಹೇಳಿದರೆ ಮಕ್ಕಳು ಏಳುತ್ತಿದ್ದರು. ಅನಸೂಯ ಅದನ್ನೂ ಮಾಡಿ ನೋಡಿದಳು. ಹೇಳಿದ ದಿನಗಳಲ್ಲಿ ಚೊಕ್ಕವಾಗಿ ಎದ್ದು ಬಂದರು. ಹೀಗೆ ಕೆಲವು ದಿನ ಅಭ್ಯಾಸ ಮಾಡಿಸಿ, ಒಂದು ದಿನ ಏನೂ ಹೇಳದೆ ಸೈರನ್ ಹಾಕಿದಳು. ಅರ್ಧ ಜನ ಎದ್ದರು, ಕೂತವರನ್ನು ನೋಡಿ ಕೂತರು. ಸೈರನ್ ಆರಿಸಿದಳು. ಇನ್ನರ್ಧ ಜನ ಎದ್ದರು, ಅವರೂ ಕೂತವರನ್ನು ನೋಡಿ ಕೂತರು. ಕೊನೆಗೆ ಇಡೀ ಶಾಲೆ ಶಿಸ್ತಾಗಿ ಒಳಗೇ ಕೂತಿತ್ತು. ಇದ್ದ ಒಂದು ಸೂಚನೆಯನ್ನೂ ಅವಳೇ ಕೆಡಿಸುತ್ತಿದ್ದಳು. ಆ ಅಭ್ಯಾಸ ಬಿಟ್ಟು, ಮಕ್ಕಳು ಮತ್ತೆ ಮೊದಲಿನಂತೆ ಏಳುವಷ್ಟಕ್ಕೆ ತರಲು ಉಳಿದ ದಿನಗಳೆಲ್ಲ ಬೇಕಾದವು.

ದೇವೇಂದ್ರ ಬರುವ ದಿನ ಬೆಳಿಗ್ಗೆ ವೇಣುಗೋಪಾಲ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಮಕ್ಕಳಿಗೆ ಹೇಳಿಬಿಡಿ ಎಂದು ಅವಳಿಗೆ ನೆನಪಿಸಿದರು. ಅನಸೂಯ ಅಡುಗೆಕೋಣೆಯ ಮುಂದೆ ಹಾದುಹೋಗಬೇಕಿತ್ತು. ಅಕ್ಕಯ್ಯಮ್ಮ ಹೊಸ ಮಸಿಬಟ್ಟೆಗೆ ದಾರ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ್ದರು.

"ಹೇಳಿದ್ರಾ ಮೇಡಮ್ಮೋರೆ ಮಕ್ಳಿಗೆ?"

"ಇಲ್ಲ. ಹೇಳೋದಿಲ್ಲ."

ಯಾಕೆ ಎಂದು ಅವರು ಕೇಳಿದರು. ಅನಸೂಯ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಇವತ್ತು ಹೇಳಿದರೆ ಮಕ್ಕಳಿಗೆ ಮತ್ತೆ ಗೊಂದಲವಾಗುತ್ತದೆ, ಇನ್ನೊಂದು ದಿನ ನಿಜವಾಗಿ ಬೆಂಕಿ ಬಿದ್ದರೆ ಒಬ್ಬರೂ ಏಳುವುದಿಲ್ಲ. ಅಕ್ಕಯ್ಯಮ್ಮ ಬಹಳ ಹೊತ್ತು ಬೇಳೆ ತಿರುವಿದರು.

"ನಾನು ಇನ್ನೊಂದ್ ಸಲ ಬಟ್ಟೆ ಎಸೀತೀನಿ ಅಂತ ತಾನೇ ನಿಮ್ ಲೆಕ್ಕ."

"ಯಾರಾದ್ರೂ ಎಸೀಬಹುದು ಅಕ್ಕಯ್ಯಮ್ಮ."

"ವ್ಯಾನಿನ ಅನ್ನ ತಿಂದಿದ್ದೀರಾ ನೀವು?" ಎಂದರು ಅವರು. ಅನಸೂಯ ಇಲ್ಲವೆಂದಳು. "ತಿನ್ನೀರಂತೆ," ಎಂದು ಅವರು ಒಲೆಯ ಕಡೆ ತಿರುಗಿದರು.

ದೇವೇಂದ್ರ ಸಣ್ಣಗಿನ ಮನುಷ್ಯ, ಕೊರಳಲ್ಲಿ ಗುರುತಿನ ಚೀಟಿ. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಅನಸೂಯ ವಿಷಯ ಹೇಳಿಬಿಟ್ಟಳು. ಇಲ್ಲಿಯ ಮಕ್ಕಳು ಸದ್ದಿಗೆ ಏಳುವುದಿಲ್ಲ, ಸದ್ದು ನಿಂತಾಗ ಏಳುತ್ತಾರೆ ಎಂದಳು. ವೇಣುಗೋಪಾಲ್ ಕಿಟಕಿಯ ಹೊರಗೆ ನೋಡಿದರು. ದೇವೇಂದ್ರ ಕೇಳಿಸಿಕೊಂಡು, ಸುತ್ತೋಲೆ ಪ್ರಕಾರ ಮಾಡಿ ಎಂದರು.

ಸೈರನ್ ಹಾಕಿದರು. ದೇವೇಂದ್ರ ನಾಲ್ಕನೇ ತರಗತಿಗೆ ಹೋಗಿ ನಿಂತರು. ಮಕ್ಕಳು ಕಾಪಿ ಬರೆಯುತ್ತಿದ್ದರು. ಅವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಮತ್ತೆ ಗಡಿಯಾರ ನೋಡಿದರು. ಹಿಂದಿನ ಬೆಂಚಿನ ಇಬ್ಬರು ಅವರ ಮೀಸೆಯ ಬಗ್ಗೆ ಬೆರಳಿನಲ್ಲಿ ಏನೋ ಮಾತಾಡಿಕೊಂಡರು. ಅವರು ಚೌಡೇಶ್ವರಿಯ ಬಳಿ ಬಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, ಯಾಕೆ ಎದ್ದಿಲ್ಲ ಎಂದು ಕೂಗಿ ಕೇಳಿದರು. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಇನ್ನೂ ಓಡ್ತಾ ಇದೆಯಲ್ಲಾ ಸಾರ್," ಎಂದಳು.

ಅನಸೂಯ ಸ್ವಿಚ್ ಆರಿಸಿದಳು.

ಮಕ್ಕಳು ಪುಸ್ತಕ ಮುಚ್ಚಿದರು. ದೇವೇಂದ್ರರ ಎಡಕ್ಕೂ ಬಲಕ್ಕೂ ಹರಿದು ಹೊರಗೆ ಹೋದರು. ಸೈರನ್ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡಿದ್ದ ಅಧಿಕಾರಿ ಇನ್ನೂ ಕೈ ತೆಗೆದಿರಲಿಲ್ಲ. ಮೈದಾನದಲ್ಲಿ ಅನಸೂಯ ತರಗತಿವಾರು ತಲೆ ಎಣಿಸಿದಳು. ಮಕ್ಕಳು ಸರಿಯಿದ್ದರು, ಶಿಕ್ಷಕರು ಸರಿಯಿದ್ದರು, ಅಕ್ಕಯ್ಯಮ್ಮ ಸೌಟು ಹಿಡಿದೇ ಬಂದಿದ್ದರು. ಒಬ್ಬರು ಕಡಿಮೆ. ಕಟ್ಟಡದಲ್ಲಿ ಒಬ್ಬರು ಉಳಿದಿದ್ದರೂ ತೆರವು ಮುಗಿಯಿತು ಎಂದು ಹೇಳುವಂತಿಲ್ಲ. ಅವಳು ಹಿಂದಿರುಗಿ ಬಾಗಿಲಲ್ಲಿ ನಿಂತಳು.

"ಸಾರ್, ಹೊರಗೆ ಬನ್ನಿ."

"ಒಂದ್ನಿಮಿಷ ಮೇಡಂ, ಬರೀತಾ ಇದ್ದೀನಿ."

"ಬರೆಯೋದು ಆಚೆ ಬಂದು ಸಾರ್. ಒಳಗಡೆ ಬೆಂಕಿ ಇದೆ."

ದೇವೇಂದ್ರ ಕೋಣೆಯ ಸುತ್ತ ಒಮ್ಮೆ ನೋಡಿದರು. ಆಮೇಲೆ ಪೆನ್ನು ಜೇಬಿಗಿಟ್ಟು ಹೊರಗೆ ಬಂದರು. ಐದನೇ ತರಗತಿಯವರು ಸಾಲಿನಲ್ಲಿ ಅವರಿಗೆ ಜಾಗ ಬಿಟ್ಟರು. ಅನಸೂಯ ಅವರನ್ನೂ ಸೇರಿಸಿ ಎಣಿಸಿ, ತೆರವು ಮುಗಿಯಿತು ಎಂದಳು.

ಅವರು ನಂಬಲಿಲ್ಲ. ಹೇಳಿಕೊಟ್ಟು ಮಾಡಿಸಿದ್ದೀರಿ ಎಂದರು. ಮಕ್ಕಳನ್ನು ಒಳಗೆ ಕಳಿಸಿ, ತಾವೇ ಸ್ವಿಚ್ಚಿನ ಹತ್ತಿರ ನಿಂತರು. ಈ ಸಲ ಬಹಳ ಹೊತ್ತು ಕೂಗಿಸಿದರು. ಕಾಂಪೌಂಡಿನ ಆಚೆ ಜನ ಸೇರಿದರು. ಯಾವಾಗ ಆರಿಸುತ್ತಾರೆಂದು ಯಾರಿಗೂ ತಿಳಿಯಬಾರದೆಂದು ಬೆನ್ನು ಅಡ್ಡ ಮಾಡಿಕೊಂಡು ಆರಿಸಿದರು. ಮಕ್ಕಳು ಬಂದರು. ಮತ್ತೊಮ್ಮೆ ಹಾಕಿ, ಹಾಕಿದ ಕೂಡಲೇ ಆರಿಸಿದರು. ಆಗಲೂ ಬಂದರು. ಇನ್ನೊಮ್ಮೆ ಅವರು ಸ್ವಿಚ್ಚಿಗೆ ಕೈ ಹಾಕುವಾಗ ಅವರ ಮುಖದಲ್ಲಿ ಅನುಮಾನ ಉಳಿದಿರಲಿಲ್ಲ. ಹೊಸ ಆಟಿಕೆ ಸಿಕ್ಕವರ ಹಾಗೆ ಕಾಣುತ್ತಿದ್ದರು. ಅಕ್ಕಯ್ಯಮ್ಮ ಎದುರಿಗೆ ಬಂದು ನಿಂತರು.

"ಸಾರ್, ಅನ್ನ ಆರೋಯ್ತದೆ. ಮಕ್ಳನ್ನ ಉಣ್ಣಕ್ಕೆ ಬಿಡ್ತೀರೋ, ಇನ್ನೂ ಓಡಿಸ್ತೀರೋ?"

ಅವರು ಬಿಟ್ಟರು. ತಾವೂ ಮಕ್ಕಳ ಸಾಲಿನಲ್ಲೇ ಕೂತು ಉಂಡರು. ಕೈ ತೊಳೆದ ಮೇಲೆ ಮಾತಾಡಿದರು. ಒಲೆ ಇಲ್ಲೇ ಇರಲಿ ಎಂದರು. ಅಕ್ಕಯ್ಯಮ್ಮ ಖಾಲಿ ತಪ್ಪಲೆಗಳನ್ನು ಒಳಗೆ ಒಯ್ದರು. ಒಳಗಿನಿಂದ ಬಹಳ ಹೊತ್ತು ಪಾತ್ರೆ ಉಜ್ಜುವ ಸದ್ದು ಕೇಳಿಸಿತು.

"ಸೈರನ್ ಆಯ್ತು, ಮಕ್ಕಳು ಬಂದ್ರು ಅಂತ ಬರೀತೀನಿ," ಎಂದರು ದೇವೇಂದ್ರ. "ಎರಡೂ ನಿಜ. ಯಾವುದು ಯಾವಾಗ ಅಂತ ಅಲ್ಲಿ ಕೇಳಿಲ್ಲ."

ರೈಲ್ವೆ ಸ್ಟೇಷನ್ ಆಚೆ ಇನ್ನೊಂದು ಶಾಲೆ ಇದೆ ಎಂದು ಅನಸೂಯ ಹೇಳಿದಳು. ಅಲ್ಲೂ ಮಗ್ಗದ ಮನೆಗಳ ಮಕ್ಕಳೇ.

"ಗೊತ್ತು. ಹೋದ ತಿಂಗಳು ನಾನೇ ಹೋಗಿದ್ದೆ. ಬಹಳ ಚೆನ್ನಾಗಿ ಮಾಡಿದ್ರು. ಸೈರನ್ ಕೂಗ್ತಿದ್ದ ಹಾಗೇ ಎಲ್ಲಾ ಆಚೆ."

ಹೇಳಿಕೊಟ್ಟಿರುತ್ತಾರೆ ಎಂದಳು ಅನಸೂಯ. ಆಗಿ ಹೋದ ತಪಾಸಣೆಯನ್ನು ತಾವು ಮತ್ತೆ ತೆರೆಯುವಂತಿಲ್ಲ, ಸುತ್ತೋಲೆ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದರು ದೇವೇಂದ್ರ. ಅವಳು ಆ ಶಾಲೆಗೆ ಹೋಗಿ ಹೇಳಲಿ ಎನ್ನಲಿಲ್ಲ, ಬೇಡವೆಂದೂ ಎನ್ನಲಿಲ್ಲ. ಜೀಪು ಹತ್ತುವಾಗ ಆ ಶಾಲೆ ಮುಚ್ಚುವ ಹೊತ್ತನ್ನು ಮಾತ್ರ ಹೇಳಿದರು.

ಅನಸೂಯ ಸಂಜೆಯ ಬಸ್ಸು ಬಿಟ್ಟು ರೈಲ್ವೆ ಗೇಟು ದಾಟಿದಳು. ಆ ಶಾಲೆಯ ಅಡುಗೆಕೋಣೆ ಕಟ್ಟಡದ ನಟ್ಟನಡುವೆ ಇತ್ತು, ಎರಡು ಕಡೆಯೂ ತರಗತಿಗಳು. ಮುಖ್ಯ ಶಿಕ್ಷಕಿ ಬೀಗದ ಕೈ ಹಿಡಿದು ಹೊರಡಲು ನಿಂತಿದ್ದರು. ಇವಳನ್ನು ಯಾವುದೋ ಮಗುವಿನ ತಾಯಿ ಎಂದುಕೊಂಡು ಏನಮ್ಮ ಎಂದರು. ಅನಸೂಯ ತನ್ನ ಶಾಲೆಯ ಹೆಸರು ಹೇಳಿದಳು. ನಡೆದು ಬಂದ ದಾರಿಯಲ್ಲೆಲ್ಲ ಇದನ್ನು ಹೇಗೆ ಶುರುಮಾಡುವುದೆಂದು ಯೋಚಿಸಿದ್ದಳು. ಹೇಗೆ ಹೇಳಿದರೂ ಹುಚ್ಚಿನಂತೆ ಕೇಳಿಸುತ್ತಿತ್ತು.

"ನಾಳೆ ಬೆಳಿಗ್ಗೆ ಬರ್ತೀನಿ ಮೇಡಂ," ಎಂದಳು. "ಮಕ್ಕಳಿಗೆ ಏನೂ ಹೇಳ್ದೆ ಒಂದು ಸಲ ಸೈರನ್ ಹಾಕ್ತೀರಾ?"